ಬೋಡಿಯಂ ಕೋಟೆ: ಪದೇ ಪದೇ ಕೇಳೋ ಪ್ರಶ್ನೆಗಳು

ಇಂಗ್ಲೆಂಡಿನ ಕೋಟೆ ಅಂತ ಗೂಗಲ್ ಮಾಡಿದ್ರೆ ಸುತ್ತ ನೀರು, ನೀರಲ್ಲಿ ಪೂರ್ತಿ ಕೋಟೆಯ ನೆರಳು, ನಾಲ್ಕು ಮೂಲೇಲಿ ದಪ್ಪ ಗುಂಡು ಬುರುಜು, ಹಿಂಗೊಂದು ಫೋಟೋ ಬಂದೇ ಬರುತ್ತೆ ನೋಡಿ, ಬಹಳ ಸಲ ಅದು ಬೋಡಿಯಂ. ಊರಿಂದ ಬಂದೋರನ್ನ ಅಲ್ಲಿಗೆ ಕರ್ಕೊಂಡು ಹೋದಾಗೆಲ್ಲ ಕೇಳೋದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದ್ದೀನಿ.

ಎಲ್ಲಿದೆ, ಯಾವಾಗಿಂದು, ಯಾರ್ದು? ಮೊದ್ಲು ಅಷ್ಟು ಹೇಳಿ.

ಇಂಗ್ಲೆಂಡಿನ ಆಗ್ನೇಯ ಮೂಲೆ, ಈಸ್ಟ್ ಸಸೆಕ್ಸ್ ಕೌಂಟಿ, ಪಕ್ಕದಲ್ಲೇ ಕೆಂಟ್ ಗಡಿ. ಕೆಳಗೆ ರಾದರ್ ಅನ್ನೋ ಸಣ್ಣ ನದಿ ಹರಿಯುತ್ತೆ. ಕಟ್ಟೋಕೆ ಪರ್ಮಿಷನ್ ಸಿಕ್ಕಿದ್ದು 1385ರಲ್ಲಿ, ಕಟ್ಟಿಸಿದೋನು ಸರ್ ಎಡ್ವರ್ಡ್ ಡಾಲಿಂಗ್‌ರಿಜ್. ಈಗ ಹಳೇ ಕಟ್ಟಡಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆ ಕೈಯಲ್ಲಿದೆ.

ಈ ಡಾಲಿಂಗ್‌ರಿಜ್ ಯಾರು, ರಾಜನಾ?

ರಾಜನೂ ಅಲ್ಲ, ದೊಡ್ಡ ಸಾಮಂತನೂ ಅಲ್ಲ. ಒಬ್ಬ ನೈಟ್, ಅಂದ್ರೆ ಸರ್ ಅನ್ನೋ ಬಿರುದಿರೋ ಯೋಧ, ಅಷ್ಟೇ. ಅದೂ ಮನೆಯ ಕಿರಿ ಮಗ, ಅಲ್ಲಿ ಆಗಿನ ಪದ್ಧತಿ ಪ್ರಕಾರ ಅಪ್ಪನ ಆಸ್ತಿ ಎಲ್ಲಾ ಹಿರಿ ಮಗನಿಗೆ, ಕಿರಿಯರಿಗೆ ಚಿಪ್ಪು. ಹಂಗಾಗಿ ದುಡ್ಡು ಮಾಡೋಕೆ ಇವನು ಫ್ರಾನ್ಸಿಗೆ ಹೋದ. ಆಗ ಇಂಗ್ಲೆಂಡ್ ಫ್ರಾನ್ಸ್ ಮಧ್ಯೆ ನೂರು ವರ್ಷದ ಯುದ್ಧ ನಡೀತಾ ಇತ್ತು, ಯುದ್ಧ ಅಂದ್ರೆ ಬರೀ ರಣರಂಗ ಅಂದ್ಕೋಬೇಡಿ, ಊರೂರು ಸುಲಿಗೆ ಮಾಡೋದು, ಶ್ರೀಮಂತರನ್ನ ಸೆರೆ ಹಿಡಿದು ಬಿಡುಗಡೆಗೆ ಹಣ ಕೇಳೋದು, ಇದೇ ಒಂದು ಬಿಸಿನೆಸ್ ಆಗಿತ್ತು. ಇವನ ಲೀಡರ್‌ಗಳಲ್ಲಿ ಒಬ್ಬ ಸರ್ ರಾಬರ್ಟ್ ನೋಲ್ಸ್. ಆ ನೋಲ್ಸ್ ಹೋದ ದಾರೀಲಿ ಸುಟ್ಟು ಕರಕಲಾಗಿ ನಿಂತ ಮನೆಗಳ ತ್ರಿಕೋನ ಗೋಡೆಗಳನ್ನ ನೋಡಿ ಜನ ನೋಲ್ಸ್‌ನ ಕಿರೀಟಗಳು ಅಂತಿದ್ರಂತೆ, ಬಿಷಪ್‌ಗಳು ಹಾಕ್ಕೊಳೋ ಚೂಪು ಟೋಪಿ ಇರುತ್ತಲ್ಲ ಆ ಥರ. ಅಂಥ ಮನುಷ್ಯನ ಲಾಂಛನ ಇವತ್ತಿಗೂ ಬೋಡಿಯಂ ಕೋಟೆಯ ಹಿಂದಿನ ಬಾಗಿಲ ಮೇಲೆ ಕಲ್ಲಲ್ಲಿದೆ. ಡಾಲಿಂಗ್‌ರಿಜ್ ಋಣ ಮರ್ತಿರಲಿಲ್ಲ ಅನ್ಸುತ್ತೆ.

ಜಮೀನು ಬಂದಿದ್ದು ಮದುವೆಯಿಂದ. ಹೆಂಡತಿ ಎಲಿಜಬೆತ್ ವಾರ್ಡ್ಯೂ ಮನೆತನದೋಳು, ಬೋಡಿಯಂ ಜಹಗೀರು ಅವಳ ಕಡೆಯದು. ದುಡ್ಡು ಫ್ರಾನ್ಸಿಂದು, ಭೂಮಿ ಅತ್ತೆ ಮನೇದು, ಇನ್ನು ಬೇಕಾಗಿದ್ದು ಮರ್ಯಾದೆ. 1379ರಿಂದ 1388ರ ಒಳಗೆ ಹತ್ತು ಪಾರ್ಲಿಮೆಂಟಲ್ಲಿ ಸಸೆಕ್ಸ್ ಪ್ರತಿನಿಧಿಯಾಗಿ ಕೂತಿದ್ದಾನೆ ಅಂದ್ರೆ ಲೋಕಲ್ ಆಗಿ ಎಂಥಾ ಹಿಡಿತ ಇತ್ತು ನೋಡಿ.

ಅವನ ಮೇಲೆ ಕೇಸ್ ಇತ್ತಂತೆ ಹೌದಾ?

ಹೌದು, ಸಣ್ಣ ಪುಟ್ಟ ಜನರ ಜೊತೆ ಅಲ್ಲ, ರಾಜನ ಚಿಕ್ಕಪ್ಪ ಜಾನ್ ಆಫ್ ಗಾಂಟ್ ಜೊತೆ ಜಗಳ. ಸಸೆಕ್ಸಲ್ಲಿ ಗಾಂಟ್‌ಗೆ ಜಮೀನು, ಕಾಡು ಎಲ್ಲಾ ಸಿಕ್ತು, ಅಲ್ಲಿವರೆಗೂ ಆ ಏರಿಯಾದಲ್ಲಿ ದರ್ಬಾರು ಮಾಡ್ತಿದ್ದ ಅರಂಡೆಲ್ ಅರ್ಲ್ ಅನ್ನೋ ದೊಡ್ಡ ಸಾಮಂತನ ಕಡೆಯೋರಿಗೆ ಅದು ಸಹಿಸಲಿಲ್ಲ, ಡಾಲಿಂಗ್‌ರಿಜ್ ಆ ಗುಂಪಿನೋನು. ಗಾಂಟ್‌ನ ನೌಕರರ ಮೇಲೆ ದಾಳಿ ಮಾಡಿದ ಅಂತ 1384ರಲ್ಲಿ ವಿಚಾರಣೆಗೆ ನಿಲ್ಲಿಸಿದ್ರೆ ಇವನು ಕೋರ್ಟಲ್ಲೇ ಕೈಗವಸು ಕೆಳಗೆ ಎಸೆದು ಬಾ ಕತ್ತಿಯಲ್ಲೇ ತೀರ್ಮಾನ ಮಾಡ್ಕೊಳೋಣ ಅಂದ. ಒಳಗೆ ಹಾಕಿದ್ರು. ತಮಾಷೆ ಏನಂದ್ರೆ ಮಾರನೇ ವರ್ಷವೇ, 1385ರ ಅಕ್ಟೋಬರಲ್ಲಿ, ಇದೇ ಮನುಷ್ಯನಿಗೆ ಕೋಟೆ ಕಟ್ಟೋಕೆ ರಾಜನ ಲೈಸೆನ್ಸ್ ಸಿಕ್ತು. ನನ್ನ ಪ್ರಕಾರ ಬೋಡಿಯಂ ಅರ್ಥ ಆಗ್ಬೇಕಂದ್ರೆ ಮೊದ್ಲು ಈ ಎರಡು ವರ್ಷಗಳನ್ನ ಅಕ್ಕಪಕ್ಕ ಇಟ್ಟು ನೋಡ್ಬೇಕು, ಫ್ರೆಂಚರ ಕಥೆ ಆಮೇಲೆ.

ಕೋಟೆ ಕಟ್ಟೋಕೂ ಲೈಸೆನ್ಸಾ?

ಗೋಡೆ ಮೇಲೆ ತೆನೆ ಇಡೋಕೆ, ಅಂದ್ರೆ ಮೇಲೆ ಕೆಳಗೆ ಹಲ್ಲು ಹಲ್ಲಾಗಿ ಕಾಣುತ್ತಲ್ಲ ಅದನ್ನ ಕಟ್ಟೋಕೆ, ರಾಜನಿಂದ ಪತ್ರ ತಗೋಳ್ತಿದ್ರು. ಬೋಡಿಯಂ ಪತ್ರದಲ್ಲಿ ಇರೋದು ಏನಂದ್ರೆ, ಸಮುದ್ರದ ಹತ್ತಿರ ಇರೋ ನಿನ್ನ ಬೋಡಿಯಂ ಮನೆಗೆ ಕಲ್ಲು ಗಾರೆಯ ಗೋಡೆ ಕಟ್ಟಿ ತೆನೆ ಇಟ್ಟು ಕೋಟೆ ಮಾಡ್ಕೋ, ಸುತ್ತಲಿನ ಸೀಮೆಯನ್ನ ಶತ್ರುಗಳಿಂದ ಕಾಪಾಡು ಅಂತ. ಡಾಲಿಂಗ್‌ರಿಜ್ ಹಳೆ ಮನೆಯನ್ನ ಮುಟ್ಟಲೇ ಇಲ್ಲ. ಅದನ್ನ ಬಿಟ್ಟು ಬೇರೆ ಜಾಗದಲ್ಲಿ, ನದಿ ಕಡೆ ಇಳಿಜಾರಲ್ಲಿ, ಹೊಸದಾಗಿ ಅಡಿಪಾಯ ಹಾಕಿಸಿದ. ಇಂಥ ಲೈಸೆನ್ಸು ಸುಮಾರು ಜನಕ್ಕೆ ಸಿಕ್ತಿತ್ತು, ಕೇಳಿದೋರಿಗೆ ಇಲ್ಲ ಅಂದಿದ್ದು ಅಪರೂಪ, ಹಂಗಾಗಿ ಇದು ಅನುಮತಿ ಅನ್ನೋದಕ್ಕಿಂತ ಬಿರುದು ಇದ್ದ ಹಾಗೆ ಅಂತ ಈಗಿನ ಇತಿಹಾಸಕಾರರು ಹೇಳ್ತಾರೆ. ನಾನೂ ಒಂದು ಕೋಟೆ ಇರೋ ಮನುಷ್ಯ ಅಂತ ರಾಜನೇ ಬರ್ಕೊಟ್ಟ ಹಾಗೆ.

ಫ್ರೆಂಚರು ನಿಜವಾಗ್ಲೂ ಬರ್ತಿದ್ರಾ ಅಥವಾ ಅದು ಬರೀ ನೆಪನಾ?

ಬರ್ತಿದ್ರು, ಭಯ ಸುಳ್ಳಲ್ಲ. 1377ರಲ್ಲಿ ಹತ್ತಿರದ ರೈ ಪಟ್ಟಣನ ಸುಟ್ಟು ಹಾಕಿದ್ರು, 1380ರಲ್ಲಿ ವಿಂಚೆಲ್ಸೀ ಮೇಲೆ ಬಿದ್ರು. 1386ರಲ್ಲಂತೂ ಫ್ರೆಂಚರು ದೊಡ್ಡ ನೌಕಾಪಡೆ ಸೇರಿಸಿ ಇಂಗ್ಲೆಂಡಿಗೆ ಇಳಿಯೋಕೆ ತಯಾರಾಗಿದ್ರು, ಕೊನೆಗೆ ಹೊರಡಲೇ ಇಲ್ಲ ಅಷ್ಟೇ. ಆಗ ರಾದರ್ ನದೀಲಿ ಬೋಡಿಯಂವರೆಗೂ ದೋಣಿ ಬರ್ತಿತ್ತು, ಈಗ ನೋಡಿದ್ರೆ ನಂಬೋಕಾಗಲ್ಲ, ಅಷ್ಟು ಸಣ್ಣ ನದಿ. ಆದ್ರೂ ಸಮುದ್ರ ತೀರ ಕಾಯೋನು ಇಷ್ಟು ಒಳಗೆ ಬಂದು ಯಾಕೆ ಕಟ್ಟಿಸ್ತಾನೆ ಅಂತ ಕೇಳೋರೂ ಇದ್ದಾರೆ, ನ್ಯಾಯವಾದ ಪ್ರಶ್ನೆನೇ. ಅಂದ ಹಾಗೆ ಫ್ರೆಂಚರು ಈ ಕೋಟೆ ಹತ್ತಿರಾನೂ ಯಾವತ್ತೂ ಬರಲಿಲ್ಲ.

ಕಂದಕ ಎಷ್ಟು ಆಳ ಇದೆ? ಮೊಸಳೆ ಬಿಟ್ಟಿದ್ರಾ?

ಮಕ್ಕಳು ಇದನ್ನೇ ಮೊದ್ಲು ಕೇಳೋದು. ಇಂಗ್ಲೆಂಡಿನ ಚಳಿಗೆ ಮೊಸಳೆ ಎಲ್ಲಿ ಬದುಕುತ್ತೆ, ಈಗ ಇರೋದು ದಪ್ಪ ದಪ್ಪ ಕಾರ್ಪ್ ಮೀನು ಮತ್ತೆ ಬಾತುಕೋಳಿ. ಆಳ ಕೇಳಿದ್ರೆ ನಿರಾಸೆ ಆಗುತ್ತೆ, ಸರಾಸರಿ ಐದು ಅಡಿ ಇರಬಹುದು ಅಷ್ಟೇ. ಆದ್ರೆ ಅಗಲ ಬಹಳ, ದಡದಲ್ಲಿ ನಿಂತು ನೋಡಿದ್ರೆ ಕೋಟೆ ಕೆರೆ ಮಧ್ಯೆ ಇದೆ ಅನ್ನಿಸುತ್ತೆ. ನೀರು ನದಿಯಿಂದ ತಂದಿದ್ದಲ್ಲ, ಅಲ್ಲೇ ಇರೋ ಬುಗ್ಗೆಗಳಿಂದ ಬರೋದು, ಕೆಲವು ಬುಗ್ಗೆ ಕಂದಕದ ಒಳಗೇ ಇವೆ, ಹಂಗಾಗಿ ಬೇಸಿಗೆಯಲ್ಲೂ ಒಣಗಲ್ಲ.

ಐದಡಿ ನೀರು ಯಾರನ್ನ ತಡೆಯುತ್ತೆ ಸ್ವಾಮಿ, ನಡ್ಕೊಂಡೇ ದಾಟಬಹುದಲ್ಲ?

ಕಬ್ಬಿಣದ ಅಂಗಿ ಹಾಕ್ಕೊಂಡು ಕೆಸರಲ್ಲಿ ಎದೆ ಮಟ್ಟದ ನೀರಲ್ಲಿ ನಡೀರಿ ನೋಡೋಣ, ಮೇಲಿಂದ ಬಾಣ ಬೀಳ್ತಾ ಇರುತ್ತೆ. ಅದಿರ್ಲಿ, ಕಂದಕದ ಮುಖ್ಯ ಕೆಲಸ ಮನುಷ್ಯರನ್ನ ತಡೆಯೋದು ಅಲ್ಲವೇ ಅಲ್ಲ, ಸುರಂಗ ತಡೆಯೋದು. ಆಗ ಗೋಡೆ ಬೀಳಿಸೋಕೆ ಒಳ್ಳೆ ಉಪಾಯ ಅಂದ್ರೆ ಅದರ ಬುಡದ ಕೆಳಗೆ ಸುರಂಗ ತೋಡಿ, ಮಣ್ಣು ಕುಸೀದೆ ಇರ್ಲಿ ಅಂತ ಮರದ ಕಂಬ ಕೊಟ್ಟು, ಆಮೇಲೆ ಆ ಕಂಬಗಳಿಗೆ ಬೆಂಕಿ ಹಚ್ಚೋದು. ಕಂಬ ಸುಟ್ಟು ಹೋದ್ರೆ ಮೇಲಿನ ಗೋಡೆ ತಾನೇ ಕೂತ್ಕೊಳ್ಳುತ್ತೆ.

ಇದಕ್ಕೆ ಪಕ್ಕದ ಕೆಂಟಲ್ಲೇ ಒಂದು ಒಳ್ಳೆ ಉದಾಹರಣೆ ಇದೆ. 1215ರಲ್ಲಿ ರಾಜ ಜಾನ್ ರಾಚೆಸ್ಟರ್ ಕೋಟೆಗೆ ಮುತ್ತಿಗೆ ಹಾಕಿದಾಗ ಸುರಂಗ ತೋಡಿಸಿ ಬೆಂಕಿ ಚೆನ್ನಾಗಿ ಹತ್ಕೊಳ್ಳಿ ಅಂತ 40 ಕೊಬ್ಬಿದ ಹಂದಿ ಕಳಿಸಿ ಅಂತ ಪತ್ರ ಬರೆಸಿದ್ದ. ತಿನ್ನೋಕೆ ಯೋಗ್ಯ ಅಲ್ಲದ, ಬರೀ ಕೊಬ್ಬಿರೋ ಹಂದೀನೇ ಬೇಕು ಅಂತ ಬೇರೆ. ದೊಡ್ಡ ಗೋಪುರದ ಒಂದು ಮೂಲೆ ಪೂರ್ತಿ ಕುಸಿದು ಬಿತ್ತು. ಆಮೇಲೆ ಆ ಮೂಲೆಯನ್ನ ಗುಂಡಗೆ ಕಟ್ಟಿದ್ರು, ಉಳಿದ ಮೂರು ಮೂಲೆ ಚೌಕಾನೇ, ಇವತ್ತೂ ನೋಡಬಹುದು. ಬೋಡಿಯಂನಲ್ಲಿ ಗೋಡೆ ಬುಡದವರೆಗೂ ನೀರು, ಸುರಂಗ ತೋಡಿದೋನು ಮುಳುಗಿ ಸಾಯ್ತಾನೆ. ಚಕ್ರದ ಗೋಪುರ ತಳ್ಕೊಂಡು ಬಂದು ಗೋಡೆಗೆ ಒರಗಿಸೋಕೂ ಆಗಲ್ಲ, ಏಣಿ ಇಡೋಕೂ ಜಾಗ ಇಲ್ಲ.

ಕೋಟೆಯ ಪ್ಲಾನ್ ಹೇಗಿದೆ?

ಹೆಚ್ಚು ಕಡಿಮೆ ಚೌಕ. ನಾಲ್ಕು ಮೂಲೆಗೆ ನಾಲ್ಕು ಗುಂಡು ಬುರುಜು, ಸುಮಾರು 60 ಅಡಿ ಎತ್ತರ. ಪೂರ್ವ ಪಶ್ಚಿಮದ ಗೋಡೆಗಳ ಮಧ್ಯದಲ್ಲಿ ಒಂದೊಂದು ಚೌಕ ಬುರುಜು, ದಕ್ಷಿಣದ ಮಧ್ಯದಲ್ಲಿ ಇನ್ನೊಂದು, ಅದರಲ್ಲಿ ಹಿಂದಿನ ದಿಡ್ಡಿ ಬಾಗಿಲು. ಉತ್ತರಕ್ಕೆ ಜೋಡಿ ಬುರುಜಿನ ಹೆಬ್ಬಾಗಿಲು. ಮಧ್ಯದಲ್ಲಿ ಅಂಗಳ, ಅಂಗಳದ ನಾಲ್ಕೂ ಕಡೆ ಗೋಡೆಗೆ ಆನಿಸಿಕೊಂಡು ಕೋಣೆಗಳು. ಹಳೆ ನಾರ್ಮನ್ ಕೋಟೆಗಳಲ್ಲಿ ನಟ್ಟ ನಡುವೆ ಒಂದು ದೈತ್ಯ ಗೋಪುರ ಇರುತ್ತಲ್ಲ, ರಾಚೆಸ್ಟರಲ್ಲಿ ಇರೋ ಥರದ್ದು, ಅದು ಇಲ್ಲಿ ಇಲ್ಲ. ಹೊರಗಿನ ಗೋಡೆನೇ ಮೇನ್ ಡಿಫೆನ್ಸ್, ಮನೆ ಅದರೊಳಗೆ. ನಮ್ಮ ತೊಟ್ಟಿ ಮನೆಗೆ ನಾಲ್ಕೂ ಕಡೆ ಬುರುಜು ಇಟ್ಟು ಕೆರೆ ಮಧ್ಯೆ ಕೂರಿಸಿದ್ರೆ ಹೇಗೋ ಹಂಗೆ ಅಂತ ನಮ್ಮಮ್ಮ ಹೇಳಿದ್ರು, ಅದಕ್ಕಿಂತ ಚೆನ್ನಾಗಿ ನಂಗೆ ಹೇಳೋಕೆ ಬರಲ್ಲ.

ಈಗಿರೋ ನೇರ ಸೇತುವೆ ಮೊದ್ಲಿಂದ ಇದೆಯಾ?

ಇಲ್ಲ. ಈಗ ಉತ್ತರದ ದಡದಿಂದ ಸೀದಾ ಬಾಗಿಲಿಗೆ ಹೋಗ್ತೀವಿ. ಮೊದ್ಲು ಹಂಗಿರಲಿಲ್ಲ, ಪಶ್ಚಿಮದ ದಡದಿಂದ ಒಂದು ಉದ್ದನೆ ಮರದ ಸೇತುವೆ ಬಂದು ನೀರಿನ ಮಧ್ಯೆ ಇರೋ ಎಂಟು ಮೂಲೆಯ ಪುಟ್ಟ ದ್ವೀಪ ಸೇರ್ತಿತ್ತು, ಅಲ್ಲಿ ಬಲಕ್ಕೆ ತಿರುಗ್ಬೇಕು, ಆಮೇಲೆ ಬಾರ್ಬಿಕನ್ ಅನ್ನೋ ಹೊರಬಾಗಿಲ ಕಟ್ಟಡ, ಅದನ್ನ ದಾಟಿ ಮತ್ತೆ ಸೇತುವೆ, ಆಮೇಲೆ ಹೆಬ್ಬಾಗಿಲು. ಅಂದ್ರೆ ಆ ಮೊದಲ ಸೇತುವೆ ಮೇಲೆ ನಡೆಯೋಷ್ಟು ಹೊತ್ತೂ ನಿಮ್ಮ ಮೈಯ ಒಂದು ಪಕ್ಕ ಕೋಟೆ ಗೋಡೆಗೆ ತೋರಿಸ್ಕೊಂಡು ನಡೀಬೇಕು. ಬಾಣ ಬಿಡೋನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು. ಬಾರ್ಬಿಕನ್‌ದು ಈಗ ಒಂದು ತುಂಡು ಗೋಡೆ ಉಳಿದಿದೆ, ಜನ ಅದರ ಪಕ್ಕ ಸೆಲ್ಫಿ ತಗೊಂಡು ಮುಂದೆ ಹೋಗ್ತಾರೆ, ಅದೇನು ಅಂತ ನೋಡೋದೇ ಇಲ್ಲ.

ಹೆಬ್ಬಾಗಿಲಲ್ಲಿ ಏನೇನು ಗಮನಿಸ್ಬೇಕು?

ಒಳಗೆ ಓಡಿ ಹೋಗ್ಬೇಡಿ, ಕಾಲು ಗಂಟೆ ಇಲ್ಲೇ ನಿಲ್ಲಿ. ಬಾಗಿಲ ಮೇಲೆ ಮೂರು ಮನೆತನದ ಲಾಂಛನ ಇದೆ, ವಾರ್ಡ್ಯೂ, ಡಾಲಿಂಗ್‌ರಿಜ್, ರಾಡಿಂಡೆನ್, ಹೆಂಡತಿ ಕಡೆಯದು ತನ್ನದು ಎಲ್ಲಾ ಸೇರಿಸಿ ಹಾಕಿಸಿದ್ದಾನೆ. ಅದರ ಜೊತೆಗೆ ಒಂಟಿಕೊಂಬಿನ ಕುದುರೆ ತಲೆ ಇರೋ ಶಿರಸ್ತ್ರಾಣ. ಬಾಗಿಲ ದಾರಿ ಒಳಗೆ ಕತ್ತೆತ್ತಿ ನೋಡಿದ್ರೆ ಪೋರ್ಟ್‌ಕಲಿಸ್ ಕಾಣುತ್ತೆ, ಮೇಲಿಂದ ಸರ್ರಂತ ಇಳಿಸೋ ಜಾಲರಿ ಬಾಗಿಲು, ಓಕ್ ಮರಕ್ಕೆ ಕಬ್ಬಿಣದ ಪಟ್ಟಿ ಹೊಡೆದಿರೋದು, ಕೆಳಗೆ ಚೂಪು ಮೊನೆ. ಇದು ಸಿನಿಮಾ ಸೆಟ್ ಅಲ್ಲ, ಆ ಕಾಲದ್ದೇ. ಬೇರೆ ಕೋಟೆಗಳಲ್ಲಿ ಬಹಳ ಕಡೆ ಇದು ಮೇಲೆ ಕೆಳಗೆ ಓಡಾಡೋಕೆ ಕೊರೆದ ಸಂದು ಮಾತ್ರ ಗೋಡೇಲಿ ಉಳಿದಿರುತ್ತೆ, ಮರ ಯಾವಾಗ್ಲೋ ಹೋಗಿರುತ್ತೆ. ಇಲ್ಲಿ ಒಂದರ ಹಿಂದೆ ಒಂದು ಮೂರು ಪೋರ್ಟ್‌ಕಲಿಸ್ ಇರೋ ಹಾಗೆ ಕಟ್ಟಿದ್ರು.

ಇನ್ನೂ ಸ್ವಲ್ಪ ಮುಂದೆ ಬಂದು ಕಲ್ಲಿನ ಕಮಾನು ಚಾವಣಿ ನೋಡಿ. ಕಮಾನುಪಟ್ಟಿಗಳು ಸೇರೋ ಕಡೆ ಸಾಮಾನ್ಯವಾಗಿ ಹೂವು ಕೆತ್ತಿದ ಗುಬುಟು ಇರುತ್ತೆ, ಇಲ್ಲಿ ಆ ಗುಬುಟಿನ ನಡುವೆ ದುಂಡಗೆ ತೂತು. ಎರಡು ಜಾಲರಿ ಬಾಗಿಲ ಮಧ್ಯೆ ಸಿಕ್ಕಿಹಾಕ್ಕೊಂಡೋನ ತಲೆ ಮೇಲೆ ಏನಾದ್ರೂ ಸುರಿಯೋಕೆ.

ಏನಾದ್ರೂ ಅಂದ್ರೆ ಕುದಿಯೋ ಎಣ್ಣೆ ತಾನೇ?

ಎಣ್ಣೆ ಆಗ ದುಬಾರಿ, ಅದನ್ನ ಕೊಪ್ಪರಿಗೆಗಟ್ಲೆ ಕಾಯಿಸಿ ಸುರಿಯೋಷ್ಟು ದುಡ್ಡು ಯಾರಿಗಿತ್ತು. ಕಲ್ಲು, ಕಾದ ಮರಳು, ಬಿಸಿ ನೀರು, ಸುಣ್ಣ, ಇವೇ ಸಾಕಾಗ್ತಿತ್ತು. ಕಾದ ಮರಳು ಕಬ್ಬಿಣದ ಅಂಗಿ ಸಂದಿಗೆ ಹೋದ್ರೆ ಏನಾಗುತ್ತೆ ಯೋಚನೆ ಮಾಡಿ. ಶತ್ರು ಬಾಗಿಲಿಗೆ ಬೆಂಕಿ ಇಟ್ರೆ ಆರಿಸೋಕೂ ಇದೇ ತೂತಿಂದ ನೀರು.

ಗೋಡೇಲಿ ಬೀಗದ ಕೈ ತೂತಿನ ಆಕಾರದ ಕಿಂಡಿಗಳು ಯಾತಕ್ಕೆ?

ಗನ್‌ಗೆ. ಕೆಳಗೆ ದುಂಡು ತೂತು, ಅಲ್ಲಿ ಸಣ್ಣ ಫಿರಂಗಿ ಬಾಯಿ, ಮೇಲೆ ಉದ್ದನೆ ಸೀಳು, ಗುರಿ ನೋಡೋಕೆ. 1380ರ ಹೊತ್ತಿಗೆ ಇಂಗ್ಲೆಂಡಲ್ಲಿ ಇದು ಲೇಟೆಸ್ಟ್ ಟೆಕ್ನಾಲಜಿ. ಬಿಲ್ಲು ಬಾಣದ ಕಾಲ ಮುಗಿದಿರಲಿಲ್ಲ, ಫಿರಂಗಿ ಕಾಲ ಪೂರ್ತಿ ಶುರು ಆಗಿರಲಿಲ್ಲ, ಆ ಮಧ್ಯದ ಕಟ್ಟಡ ಇದು.

ಒಳಗೆ ಯಾರ್ಯಾರು ಎಲ್ಲೆಲ್ಲಿ ಇರ್ತಿದ್ರು?

ಇದು ನಂಗೆ ಬಹಳ ಇಷ್ಟದ ಭಾಗ, ಯಾಕಂದ್ರೆ ಹೊರಗಿಂದ ಪಕ್ಕಾ ಯುದ್ಧದ ಕೋಟೆ, ಒಳಗೆ ಬಂದ್ರೆ ಐಷಾರಾಮಿ ಮನೆ. ದಕ್ಷಿಣದ ಸಾಲಲ್ಲಿ ದೊಡ್ಡ ಹಾಲ್, ಊಟ, ಪಂಚಾಯ್ತಿ, ಹಬ್ಬ ಎಲ್ಲಾ ಅಲ್ಲೇ. ಹಾಲ್‌ನ ಪಶ್ಚಿಮದ ತುದೀಲಿ ಮೂರು ಕಮಾನು ಬಾಗಿಲು ಸಾಲಾಗಿ ಈಗಲೂ ನಿಂತಿವೆ, ಒಂದು ಅಡುಗೆಮನೆಗೆ ಹೋಗೋ ದಾರಿ, ಇನ್ನೆರಡು ರೊಟ್ಟಿ ಇಡೋ ಕೋಣೆ ಮತ್ತೆ ಬಿಯರ್ ವೈನ್ ಇಡೋ ಕೋಣೆದು. ಆ ಕಾಲದ ಇಂಗ್ಲಿಷ್ ದೊಡ್ಡ ಮನೆಗಳಲ್ಲೆಲ್ಲ ಇದೇ ಪದ್ಧತಿ, ಒಂದ್ಸಲ ಇಲ್ಲಿ ಕಣ್ಣಿಗೆ ಬಿದ್ರೆ ಆಮೇಲೆ ಯಾವ ಹಾಳು ಮನೆಗೆ ಹೋದ್ರೂ ಮೂರು ಬಾಗಿಲು ನೋಡಿದ ತಕ್ಷಣ ಹಾಲ್ ಯಾವುದು ಅಡುಗೆಮನೆ ಯಾವ ಕಡೆ ಅಂತ ಹೇಳಬಹುದು. ಅಡುಗೆಮನೇಲಿ ಎರಡು ಭಾರೀ ಒಲೆಗೂಡು. ಪಕ್ಕದ ನೈಋತ್ಯ ಬುರುಜಿನ ತಳದಲ್ಲಿ ಬಾವಿ, ಅದೇ ಬುರುಜಿನ ತುದೀಲಿ ಪಾರಿವಾಳದ ಗೂಡು, ಸುಮಾರು 300 ಗೂಡಿನ ಕುಳಿ ಇದೆ, ಸಾಕೋದು ಪ್ರೀತಿಗಲ್ಲ, ತಿನ್ನೋಕೆ. ನೀರು ಮಾಂಸ ಎರಡೂ ಒಂದೇ ಬುರುಜಲ್ಲಿ, ಅಡುಗೆಮನೆಗೆ ಅಂಟಿಕೊಂಡು, ಬಹಳ ಬುದ್ಧಿವಂತ ಪ್ಲಾನಿಂಗ್.

ಯಜಮಾನರ ಕೋಣೆಗಳು ಪೂರ್ವಕ್ಕೆ, ಅದರಾಚೆ ಚಾಪೆಲ್, ಅಂದ್ರೆ ಮನೆಯೋರ ಪುಟ್ಟ ಚರ್ಚ್. ಪಶ್ಚಿಮದ ಸಾಲು ಆಳುಗಳಿಗೆ, ಅವರಿಗೇ ಬೇರೆ ಹಾಲ್, ಬೇರೆ ಅಡುಗೆಮನೆ. ಆ ಕಡೆಯಿಂದ ಯಜಮಾನರ ಕಡೆಗೆ ಒಳಗಿಂದ ಬಾಗಿಲು ಇಲ್ಲ. ದುಡ್ಡಿಗೆ ಬಂದ ಸೈನಿಕರ ಮೇಲೆ ನಂಬಿಕೆ ಇರಲಿಲ್ಲ, ತಿರುಗಿ ಬಿದ್ರೆ ಅಂತ ಹಂಗೆ ಮಾಡಿದ್ದು ಅಂತ ಹಳೇ ಕಾಲದ ವಿವರಣೆ ಒಂದಿದೆ. ನಂಗೆ ಅದು ಸ್ವಲ್ಪ ಸಿನಿಮೀಯ ಅನ್ಸುತ್ತೆ, ದೊಡ್ಡ ಮನೇಲಿ ಕೆಲಸದೋರನ್ನ ಬೇರೆ ಇಡೋಕೆ ದಂಗೆ ಭಯಾನೇ ಬೇಕಾ, ಅಂತಸ್ತು ಸಾಕಲ್ವಾ.

ಟಾಯ್ಲೆಟ್ ವ್ಯವಸ್ಥೆ?

ಎಲ್ಲರಿಗೂ ಕೇಳೋ ಆಸೆ, ಕೇಳೋಕೆ ನಾಚಿಕೆ. 30ರ ಹತ್ತಿರ ಪಾಯಿಖಾನೆಗಳಿವೆ, ಹೆಚ್ಚಿನವು ಬುರುಜುಗಳ ಗೋಡೆ ದಪ್ಪದಲ್ಲಿ, ಎಲ್ಲಾ ಸೀದಾ ಕಂದಕಕ್ಕೆ. ಒಲೆಗೂಡುಗಳೂ 30ರ ಮೇಲಿವೆ. ನಗಬೇಡಿ, ಆ ಕಾಲದಲ್ಲಿ ಇಷ್ಟೊಂದು ಕೋಣೆಗೆ ಅಟ್ಯಾಚ್ಡ್ ಸೌಕರ್ಯ ಮತ್ತೆ ಬೆಂಕಿ ಇರೋದು ದೊಡ್ಡ ಲಕ್ಷುರಿ. ಆ ಸುಂದರ ನೀರಲ್ಲಿ ಆಗ ಏನೇನು ತೇಲ್ತಿತ್ತು ಅಂತ ಫೋಟೋ ತೆಗೆಯೋವಾಗ ನೆನೆಸ್ಕೋಬೇಡಿ ಅಷ್ಟೇ.

ಕೊನೆಗೂ ಇದು ನಿಜವಾದ ಕೋಟೆನಾ, ಬರೀ ಶೋಕಿನಾ?

ಇದಕ್ಕೆ ಇತಿಹಾಸಕಾರರು ದಶಕಗಟ್ಲೆ ಕಿತ್ತಾಡಿದ್ದಾರೆ. ಮೊದ್ಲು ಎಲ್ಲರೂ ಇದನ್ನ ಫ್ರೆಂಚರ ವಿರುದ್ಧ ಹಳೇ ಸೈನಿಕನೊಬ್ಬ ಕಟ್ಟಿದ ಪರ್ಫೆಕ್ಟ್ ಕೋಟೆ ಅಂತಿದ್ರು. ಆಮೇಲೆ 1980ರ ದಶಕದ ಕೊನೆಗೆ ಸುತ್ತಲಿನ ನೆಲವನ್ನ ಸರ್ವೆ ಮಾಡಿದಾಗ ಕೋಟೆ ಸುತ್ತ ಇನ್ನೂ ಕೊಳಗಳಿದ್ದ ಗುರುತು, ಮೇಲಿನ ಗುಡ್ಡದ ಮೇಲೆ ನಿಂತು ಕೋಟೆ ನೋಡೋಕೆ ಮಾಡಿದ ಹಾಗಿರೋ ದಿಬ್ಬ ಎಲ್ಲಾ ಸಿಕ್ತು. ಬರೋ ಅತಿಥಿಯನ್ನ ಸುತ್ತು ಹಾಕಿಸಿ ನೀರಲ್ಲಿ ಪ್ರತಿಬಿಂಬ ತೋರಿಸ್ಕೊಂಡು ಒಳಗೆ ಕರ್ಕೊಳ್ಳೋ ಹಾಗೆ ಇಡೀ ಜಾಗವನ್ನ ಸಜ್ಜು ಮಾಡಿದ್ದಾನೆ ಅನ್ನೋ ವಾದ ಬಂತು. ಚಾರ್ಲ್ಸ್ ಕೌಲ್ಸನ್ ಅನ್ನೋ ವಿದ್ವಾಂಸರು ಇನ್ನೂ ಮುಂದೆ ಹೋಗಿ, ತೆನೆಗಳು ಮನುಷ್ಯ ಮರೆಯಾಗಿ ನಿಲ್ಲೋಕಾಗದಷ್ಟು ಚಿಕ್ಕವು, ಹೊರಗೋಡೇಲಿ ಚಾಪೆಲ್ ಕಿಟಕಿ ಇಷ್ಟು ದೊಡ್ಡದಿದೆ, ಕಂದಕದ ಏರಿ ಒಡೆದ್ರೆ ನೀರು ಖಾಲಿ, ಇದೆಂಥಾ ಕೋಟೆ ಅಂತ ಕೇಳಿದ್ರು. ಸೈನ್ಯದ ಹಿನ್ನೆಲೆ ಇರೋ ಬರಹಗಾರರು ಬಿಡ್ತಾರಾ, ಏರಿ ಒಡೆಯೋಕೆ ಬಂದೋನನ್ನ ಸುಮ್ನೆ ನೋಡ್ತಾ ಕೂರ್ತಾರಾ, ಗನ್ ಕಿಂಡಿ ಮೂರು ಪೋರ್ಟ್‌ಕಲಿಸ್ ಎಲ್ಲಾ ಅಲಂಕಾರಕ್ಕಾ ಅಂತ ತಿರುಗಿ ಬಿದ್ರು. 2010ರ ನಂತರ ಪುರಾತತ್ವಜ್ಞ ಮ್ಯಾಥ್ಯೂ ಜಾನ್ಸನ್ ಅವರ ತಂಡ ಮತ್ತೆ ಸರ್ವೆ ಮಾಡಿ, ಕೋಟೆ ಒಂದನ್ನೇ ನೋಡ್ಬೇಡಿ, ಅದರ ನದಿ, ಹೊಲ, ಗಿರಣಿ, ಅಲ್ಲಿ ದುಡಿದ ಜನ ಎಲ್ಲಾ ಸೇರಿಸಿ ನೋಡಿ ಅಂದ್ರು.

ಆ ಕೊನೆ ಮಾತು ನಂಗೆ ಸರಿ ಅನ್ಸುತ್ತೆ. ಡಾಲಿಂಗ್‌ರಿಜ್ 1383ರಲ್ಲೇ ಬೋಡಿಯಂನಲ್ಲಿ ಸಂತೆ ಜಾತ್ರೆ ನಡೆಸೋ ಹಕ್ಕು ತಗೊಂಡಿದ್ದ, 1386ರಲ್ಲಿ ಗಿರಣಿಗೆ ರಾದರ್ ನೀರು ತಿರುಗಿಸೋ ಅನುಮತಿ ತಗೊಂಡ. ಸಂತೆ, ಕೋಟೆ, ನೀರು, ಸಾಲಾಗಿ ನೋಡಿ. ಒಬ್ಬ ಕಿರಿ ಮಗ ಹಳ್ಳಿಗೆ ಹಳ್ಳಿಯನ್ನೇ ತನ್ನ ಹೆಸರಿಗೆ ಮಾಡ್ಕೊಳ್ತಾ ಇದ್ದಾನೆ. ಇನ್ನು ಶೋಕಿನಾ ರಕ್ಷಣೆನಾ ಅಂತ ಬೇರೆ ಬೇರೆ ಮಾಡೋದು ನಮ್ಮ ಕಾಲದ ಯೋಚನೆ, ಗಾಂಟ್‌ನಂಥೋನನ್ನ ಎದುರು ಹಾಕ್ಕೊಂಡು ಜೈಲಿಗೆ ಹೋಗಿ ಬಂದೋನಿಗೆ ಗಟ್ಟಿಯಾಗಿ ಕಾಣೋದೇ ಅರ್ಧ ರಕ್ಷಣೆ. ಫ್ರೆಂಚರ ಸೈನ್ಯವನ್ನ ತಿಂಗಳುಗಟ್ಲೆ ತಡೀತಿತ್ತು ಅಂತ ನಾನೂ ನಂಬಲ್ಲ. ಆದ್ರೆ ಅಕ್ಕಪಕ್ಕದ ಶತ್ರು ಇನ್ನೂರು ಜನರನ್ನ ಕಟ್ಕೊಂಡು ರಾತ್ರಿ ಬಂದ್ರೆ ಅವನ ಕೈಲಿ ಈ ಕೋಟೆಗೆ ಏನೂ ಮಾಡೋಕಾಗ್ತಿರಲಿಲ್ಲ.

ಇಲ್ಲಿ ಯುದ್ಧ ಆಗಿದೆಯಾ?

ಹೇಳ್ಕೊಳೋಂಥದ್ದು ಇಲ್ಲ. ಡಾಲಿಂಗ್‌ರಿಜ್ 1393ರ ಹೊತ್ತಿಗೆ ತೀರಿಕೊಂಡ, ಮಗ ಜಾನ್ 1408ರಲ್ಲಿ ಮಕ್ಕಳಿಲ್ಲದೆ ಹೋದ, ಕೋಟೆ ಮುಂದೆ ಲ್ಯೂಕ್ನರ್ ಮನೆತನಕ್ಕೆ ಬಂತು. 1483ರಲ್ಲಿ ಸರ್ ಥಾಮಸ್ ಲ್ಯೂಕ್ನರ್ ರಾಜ ಮೂರನೇ ರಿಚರ್ಡ್ ವಿರುದ್ಧ ದಂಗೆ ಎದ್ದೋರ ಜೊತೆ ಸೇರಿದ, ಕೋಟೆಗೆ ಮುತ್ತಿಗೆ ಹಾಕಿ ಅಂತ ಆಜ್ಞೆ ಆಯ್ತು, ದೊಡ್ಡ ಹೋರಾಟ ಏನೂ ಇಲ್ಲದೆ ಒಪ್ಪಿಸಿದ ಹಾಗೆ ಕಾಣುತ್ತೆ. ಎರಡು ವರ್ಷಕ್ಕೆ ರಿಚರ್ಡೇ ಯುದ್ಧದಲ್ಲಿ ಸತ್ತ, ಹೊಸ ರಾಜ ಏಳನೇ ಹೆನ್ರಿ ವಾಪಸ್ ಕೊಟ್ಟ.

ಹೊರಗೆ ಇಷ್ಟು ಗಟ್ಟಿ ಇದೆ, ಒಳಗೆ ಯಾಕೆ ಬರೀ ಖಾಲಿ?

ಹೋದೋರೆಲ್ಲ ಬೇಜಾರಾಗೋದು ಇದಕ್ಕೇ, ರೂಮು ಫರ್ನಿಚರ್ ಎಲ್ಲಾ ಇರುತ್ತೆ ಅಂದ್ಕೊಂಡು ಹೋಗಿರ್ತಾರೆ. 1639ರಲ್ಲಿ ಕೋಟೆಯನ್ನ ಥ್ಯಾನೆಟ್‌ನ ಅರ್ಲ್ ಜಾನ್ ಟಫ್ಟನ್ ಕೊಂಡ. ಆಮೇಲೆ ರಾಜ ಮತ್ತೆ ಪಾರ್ಲಿಮೆಂಟ್ ಮಧ್ಯೆ ಅಂತರ್ಯುದ್ಧ, ಇವನು ರಾಜನ ಕಡೆ, ಸೋತ, 9,000 ಪೌಂಡ್ ದಂಡ ಬಿತ್ತು. ದಂಡ ಕಟ್ಟೋಕೆ ಕೋಟೆಯನ್ನ 6,000 ಪೌಂಡ್‌ಗೆ ಮಾರಿದ. ತಗೊಂಡ ನಥಾನಿಯಲ್ ಪೊವೆಲ್ ಪಾರ್ಲಿಮೆಂಟ್ ಕಡೆಯೋನು. ಅದಾದ್ಮೇಲೆ ಬಾರ್ಬಿಕನ್, ಸೇತುವೆಗಳು, ಒಳಗಿನ ಕಟ್ಟಡಗಳು ಎಲ್ಲಾ ಕೆಡವಿದ್ರು, ಹೊರಗಿನ ಚಿಪ್ಪು ಮಾತ್ರ ಬಿಟ್ರು. ಆಮೇಲೆ ನೂರೈವತ್ತು ವರ್ಷ ಬಳ್ಳಿ ಹಬ್ಬಿ, ಕವಿಗಳು ಚಿತ್ರಗಾರರು ಬಂದು ಹಾಳು ಕೋಟೆಯ ಸೊಬಗು ಅಂತ ನಿಟ್ಟುಸಿರು ಬಿಟ್ಕೊಂಡು ಹೋಗೋ ಜಾಗ ಆಯ್ತು. ಇಂಗ್ಲೆಂಡಿನ ಹೆಸರಾಂತ ಚಿತ್ರಗಾರ ಟರ್ನರ್ ಕೂಡ ಇದರ ಚಿತ್ರ ಬರೆದಿದ್ದಾನೆ.

ಹಂಗಾದ್ರೆ ಪೂರ್ತಿ ಬೀಳದ ಹಾಗೆ ಉಳಿಸಿದ್ದು ಯಾರು?

1829ರಲ್ಲಿ ಇದನ್ನ ಕೆಡವಿ ಕಲ್ಲು ಮಾರ್ಕೊಳ್ಳೋ ಯೋಚನೆ ಇತ್ತು, ಆಗ ಜಾನ್ ಫುಲ್ಲರ್ ಅನ್ನೋನು ಸುಮಾರು 3,000 ಪೌಂಡ್ ಕೊಟ್ಟು ಕೊಂಡ್ಕೊಂಡ. ಮ್ಯಾಡ್ ಜ್ಯಾಕ್ ಅಂತ ಅಡ್ಡ ಹೆಸರು, ತನ್ನ ಸಮಾಧಿಗೆ ಬದುಕಿದ್ದಾಗಲೇ ಪಿರಮಿಡ್ ಕಟ್ಟಿಸ್ಕೊಂಡೋನು. ಕೋಟೆ ಉಳಿಸಿದ ಒಳ್ಳೆ ಹುಚ್ಚ ಅಂತ ಬಹಳ ಜನ ಪ್ರೀತಿಯಿಂದ ಬರೀತಾರೆ, ಆದ್ರೆ ಅವನ ಹಣದ ಒಂದು ಭಾಗ ಜಮೈಕಾದ ತೋಟಗಳಲ್ಲಿ ಗುಲಾಮರಿಂದ ದುಡಿಸಿದ್ದು, ಪಾರ್ಲಿಮೆಂಟಲ್ಲಿ ನಿಂತು ಗುಲಾಮಗಿರಿಯನ್ನ ಸಮರ್ಥಿಸಿದೋನು ಅವನು. ಇದನ್ನೂ ಸೇರಿಸೇ ಹೇಳ್ಬೇಕು. ಅವನ ನಂತರ ಬಂದ ಜಾರ್ಜ್ ಕ್ಯೂಬಿಟ್ ಸ್ವಲ್ಪ ರಿಪೇರಿ ಮುಂದುವರಿಸಿದ.

ಲಾರ್ಡ್ ಕರ್ಜನ್ ಹೆಸರು ಅಲ್ಲಿ ಬೋರ್ಡಲ್ಲಿ ನೋಡಿದೆ, ನಮ್ಮ ಕರ್ಜನ್ನೇನಾ?

ಅದೇ ಕರ್ಜನ್, 1905ರಲ್ಲಿ ಬಂಗಾಳ ಒಡೆದು ಬೈಸಿಕೊಂಡ ವೈಸರಾಯ್. ಈ ಮನುಷ್ಯನಿಗೆ ಹಳೇ ಕಟ್ಟಡದ ಹುಚ್ಚು ಇಂಡಿಯಾದಲ್ಲೇ ಹತ್ತಿದ್ದು ಅನ್ನಬಹುದು. ಪುರಾತತ್ವ ಇಲಾಖೆಗೆ ಮತ್ತೆ ಜೀವ ಕೊಟ್ಟು 1902ರಲ್ಲಿ ಅದನ್ನ ನಡೆಸೋಕೆ ಜಾನ್ ಮಾರ್ಷಲ್‌ನ ಕರೆಸಿದ, 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ತಂದ. ಆ ಮಸೂದೆ ಮೇಲೆ ಮಾತಾಡ್ತಾ ನಮ್ಮ ವಿಜಯಪುರದ ಹೆಸರೂ ಎತ್ತಿದ್ದಾನೆ, ಅಲ್ಲಿ ಒಂದು ಮಸೀದಿಯೊಳಗೆ ಸರ್ಕಾರದೋರು ಡಾಕ್ ಬಂಗ್ಲೆ ಮಾಡ್ಕೊಂಡಿದ್ರು, ಅದನ್ನ ತಾನು ಖಾಲಿ ಮಾಡಿಸಿದೆ ಅಂತ.

ಇಂಗ್ಲೆಂಡಿಗೆ ವಾಪಸ್ ಹೋದ್ಮೇಲೂ ಬಿಡಲಿಲ್ಲ. 1911ರಲ್ಲಿ ಲಿಂಕನ್‌ಶೈರಿನ ಟ್ಯಾಟರ್‌ಶಾಲ್ ಕೋಟೆಯ ಕೆತ್ತನೆಯ ಒಲೆಗೂಡುಗಳನ್ನ ಕಿತ್ತು ಮಾರೋಕೆ ಹೊರಟಾಗ ಕೋಟೆಯನ್ನೇ ಕೊಂಡು ಒಲೆಗೂಡುಗಳನ್ನ ವಾಪಸ್ ತರಿಸಿದ, ಅದೂ ಕಂದಕ ಇರೋ ಕೋಟೆನೇ. ಆಮೇಲೆ ಮೊದಲ ಮಹಾಯುದ್ಧ ನಡೀತಿರೋವಾಗ ಬೋಡಿಯಂ ಕೊಂಡ. 1919ರಲ್ಲಿ ಕಂದಕದ ನೀರು ಖಾಲಿ ಮಾಡಿಸಿ ಹೂಳು ತೆಗೆಸಿದ್ರೆ ತಳದಲ್ಲಿ ಹಳೇ ಸೇತುವೆಗಳ ಮರದ ಬುಡಗಳು ಸಿಕ್ಕಿದ್ವು, ಮೊದಲ ಸೇತುವೆ ಪಶ್ಚಿಮದಿಂದ ಬರ್ತಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಬಳ್ಳಿ ಕೀಳಿಸಿ ಗೋಡೆ ಭದ್ರ ಮಾಡಿಸಿದ, ಆದ್ರೆ ಹೊಸ ಚಾವಣಿ ಹಾಕಿ ಹಳೇದರ ಥರ ನಾಟಕ ಮಾಡಲಿಲ್ಲ, ಅದು ಒಳ್ಳೇ ಕೆಲಸ. 1925ರಲ್ಲಿ ಸಾಯೋವಾಗ ನ್ಯಾಷನಲ್ ಟ್ರಸ್ಟಿಗೆ ಬರೆದಿಟ್ಟ. ನಮ್ಮ ದೇಶದಲ್ಲಿ ಅವನು ಮಾಡಿದ್ದರ ಲೆಕ್ಕ ಬೇರೆ, ಅದನ್ನ ಇದರಿಂದ ವಜಾ ಮಾಡೋಕಾಗಲ್ಲ.

ಕೋಟೆ ಹತ್ತಿರ ಕಾಂಕ್ರೀಟ್ ಗೂಡು ಇದೆಯಲ್ಲ, ಅದು?

1940ರದ್ದು. ಹಿಟ್ಲರ್ ಸೈನ್ಯ ಇಳಿಯುತ್ತೆ ಅನ್ನೋ ಭಯದಲ್ಲಿ ರಾದರ್ ಕಣಿವೆ ಕಾಯೋಕೆ ಕಟ್ಟಿದ ಪಿಲ್‌ಬಾಕ್ಸ್, ಅಂದ್ರೆ ಸೈನಿಕರು ಒಳಗೆ ಕೂತು ಗುಂಡು ಹಾರಿಸೋ ಗೂಡು. ಅವರೂ ಬರಲಿಲ್ಲ.

ಹೋಗೋದು ಹೇಗೆ, ವಯಸ್ಸಾದೋರಿಗೆ ಆಗುತ್ತಾ?

ಲಂಡನ್‌ನಿಂದ ಹೇಸ್ಟಿಂಗ್ಸ್ ಲೈನಲ್ಲಿ ರಾಬರ್ಟ್ಸ್‌ಬ್ರಿಜ್ ಸ್ಟೇಷನ್ ಹತ್ತಿರದ್ದು, ಅಲ್ಲಿಂದ ಐದು ಮೈಲಿ ಹತ್ತಿರ ಆಗುತ್ತೆ, ಟ್ಯಾಕ್ಸಿ ಮೊದಲೇ ಹೇಳಿಟ್ಕೊಳ್ಳಿ. ಮಜಾ ಬೇಕಂದ್ರೆ ಕೆಂಟ್‌ನ ಟೆಂಟರ್ಡನ್‌ನಿಂದ ಬೋಡಿಯಂವರೆಗೂ ಹಳೇ ಸ್ಟೀಮ್ ರೈಲು ಓಡುತ್ತೆ, ಎಲ್ಲಾ ದಿನ ಇರಲ್ಲ, ವೆಬ್‌ಸೈಟಲ್ಲಿ ಟೈಮ್ ನೋಡ್ಕೊಂಡು ಹೊರಡಿ. ಅಂಗಳದವರೆಗೂ ವಯಸ್ಸಾದೋರು ಆರಾಮಾಗಿ ಬರಬಹುದು, ಬುರುಜು ಹತ್ತೋದು ಮಾತ್ರ ಕಷ್ಟ, ಸುತ್ತು ಮೆಟ್ಟಿಲು, ಕಿರಿದು, ಎದುರಿಗೆ ಯಾರಾದ್ರೂ ಇಳೀತಾ ಬಂದ್ರೆ ಗೋಡೆಗೆ ಅಂಟ್ಕೊಂಡು ನಿಲ್ಬೇಕು. ಬುರುಜುಗಳಲ್ಲಿ ಬಾವಲಿಗಳಿವೆ, ಏನೂ ಮಾಡಲ್ಲ. ಫೋಟೋಗೆ ಬೆಳಗ್ಗೆ ಗಾಳಿ ಏಳೋ ಮುಂಚೆ ಹೋದ್ರೆ ನೀರು ಅಲುಗಾಡದೆ ಪೂರ್ತಿ ಕೋಟೆ ತಲೆಕೆಳಗಾಗಿ ಸಿಗುತ್ತೆ. ಕಾರ್ ಇದ್ರೆ ಅದೇ ದಿನ ರೈ, ವಿಂಚೆಲ್ಸೀ ನೋಡ್ಕೊಂಡು ಬನ್ನಿ, ಇಲ್ಲಾಂದ್ರೆ 1066ರ ಯುದ್ಧ ನಡೆದ ಬ್ಯಾಟಲ್ ಊರು ಹತ್ತಿರಾನೇ ಇದೆ, ಎರಡೂ ಒಂದೇ ದಿನಕ್ಕೆ ಇಟ್ಕೊಂಡ್ರೆ ಮಕ್ಕಳು ರೇಗ್ತಾರೆ.